ಕಂದೀಲು ಇಳಿಸಿ

ಹನ್ನೊಂದು ವರ್ಷ ತಾಳಿಕೋಟಿಯೊಳಗ
ನನ್ನ ಹೆಸರು ಪಿಗ್ಮಿ.
ಅವ್ವ ಇಟ್ಟ ಹೆಸರು ಆಧಾರ್ ಕಾರ್ಡಿನಾಗಷ್ಟ.
ಸಂಜಿ ನಾಕಕ್ಕ ಸೈಕಲ್ ಹತ್ತಿದರ
ಬಸ್‌ಸ್ಟ್ಯಾಂಡಿನ ಬಜಿ ಅಂಗಡಿಯಿಂದ ಕುಂಬಾರ ಓಣಿತನಕ
ಹತ್ತು, ಇಪ್ಪತ್ತು, ಎಣ್ಣಿಗೈಯ ಐವತ್ತು,
ಬರದು, ಹರದು, ಚೀಟಿ ಕೊಟ್ಟು,
ನೋಟಿಗೆ ಅಂಟಿದ ಬಜಿ ವಾಸನಿ ಸಮೇತ
ಸೊಸೈಟಿ ಕಿಡಕಿಯೊಳಗ ಹಾಕತಿದ್ದೆ.

ಒಂದು ಸೋಮವಾರ ಕಿಡಕಿ ಇರಲಿಲ್ಲ.
ಶೆಟರ್ ಇತ್ತು. ಶೆಟರಿನ ಮ್ಯಾಲ ಒಂದು ಕಾಗದ.
ಓದಾಕ ಬಂದವರೆಲ್ಲ
ಕಾಗದ ಮುಗಿಸಿ ನನ್ನ ಮಾರಿ ಓದಿದರು.
ಚೇರಮನ್ನರು ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ,
ನನ್ನ ಮನಿ ಎಲ್ಲಿ ಅಂತ ಎಲ್ಲಾರಿಗೂ ಗೊತ್ತಿತ್ತು.

ಬಜಿ ಬೌರವ್ವ ಮಾತ್ರ ಬೈಯಾಕ ಬರಲಿಲ್ಲ.
ಆಕಿದು ಹದಿನೆಂಟು ಸಾವಿರದ ಆರನೂರಾ ನಲವತ್ತು.
ಐದು ದಿನ ಬಿಟ್ಟು ಹೇಳಿ ಕಳಿಸಿದಳು:
"ಗುದ್ದಲಿ ತಗೊಂಡು ಬಾ."
ನಾನು ಹೆದರಿದ್ದು ಸುಳ್ಳಲ್ಲ.

ಓಣಿ ಕಟ್ಟಿ ಮುಂದ ಒಂದು ಕಲ್ಲು.
ಅದರ ಮ್ಯಾಲ ಸ್ಕೂಟರ್ ನಿಂತಿದ್ದವು, ನಾಯಿ ಮಲಗಿದ್ದವು,
ನಾನೂ ನಿಂತು ಚೀಟಿ ಹರದಿದ್ದೆ.
"ಇದರ ಕೆಳಗ ಹಗೇವು ಐತಿ.
ನಮ್ಮತ್ತಿ ಕಾಲದಾಗ ನಲವತ್ತು ಚೀಲ ನುಂಗತಿತ್ತು.
ರಾಶಿಯಾಗಿ ಜೋಳ ಸೋವಿ ಇದ್ದಾಗ ತುಂಬೂದು,
ಧಾರಣಿ ನೆತ್ತಿಗೇರಿದಾಗ ತಗಿಯೂದು.
ಡೋಣಿ ಬೆಳದರ ಓಣೆಲ್ಲ ಕಾಳು ಅಂತಾರ.
ಓಣ್ಯಾಗ ಬಿದ್ದದ್ದು ಇಲಿ ಪಾಲು, ತಮ್ಮಾ."

ದಸ್ತಗೀರಸಾಬ ಹಾರಿ ಹಾಕಿದ. ಕಲ್ಲು ಮಿಸುಕಿತು.
ನೀಲಮ್ಮ ಟೀಚರ್ ಹುಡುಗರನ್ನ ದೂರ ನಿಲ್ಲಿಸಿದರು.
ಇಳಿಯಾವ ನಾನು: ಮೈ ತೆಳ್ಳಗ, ಮತ್ತ ಬಾಕಿದಾರ.
ಒಂದು ಕಾಲು ಒಳಗ ಇಟ್ಟಿದ್ದೆ.

"ತಡೀ."

ಹಗ್ಗಕ್ಕ ಕಂದೀಲು ಕಟ್ಟಿ ಇಳಿಸಿದಳು.
ಒಂದಾಳು ಇಳಿಯೂದರಾಗ ಉರಿ ಸಣ್ಣಾತು,
ನೀಲಿ ಆತು,
ಹೋತು.

"ನೋಡಿದ್ಯಾ? ಮುಚ್ಚಿದ ಜಾಗಕ್ಕ ಇಳಿಯೂ ಮೊದಲ
ದೀಪಾನ ಕೇಳಬೇಕು."
ಆಮ್ಯಾಲ ಹಗ್ಗ ಸುತ್ತಕೋತ,
ಯಾರಿಗೂ ಅಲ್ಲ ಅನ್ನೂಹಂಗ:
"ಹನ್ನೊಂದು ವರ್ಷ ಆ ಕಿಡಕಿಯೊಳಗ
ನೀನೂ ಇಳಿಸಲಿಲ್ಲ, ನಾನೂ ಇಳಿಸಲಿಲ್ಲ."

ಮೂರನೇ ದಿನ ದೀಪ ತಳ ಮುಟ್ಟಿ ಉರೀತು. ನಾನೂ ಮುಟ್ಟಿದೆ.
ಗ್ವಾಡಿ ತುಂಬ ಸಾರಿಸಿದ ಬಳ್ಳ ಗುರುತು, ಸಣ್ಣ ಕೈ,
ಹೆಣಮಗಳದಿರಬೇಕು.
ಒಂದು ಮಗ್ಗಲಿಗೆ ಇದ್ದಲಿ ಗೆರಿ, ಐದೈದರಂಗ,
ಕೆಲವು ಹೊಡದು ಹಾಕಿದ್ದವು, ಕೆಲವು ಹಂಗ ಉಳದಿದ್ದವು.
"ಏನೈತೋ ಅಲ್ಲಿ?"
"ಲೆಕ್ಕ" ಅಂದೆ.
ಮ್ಯಾಲ ಓಣಿಗೆ ಓಣಿನ ನಕ್ಕಿತು,
ಶೆಟರ್ ಬಿದ್ದಾಗಿಂದ ಮೊದಲನೇ ಸಲ.

ಒಣಗಿಸಿ, ಸಗಣಿ ಬಳದು, ಹುಲ್ಲು ಹಾಸಿ, ಬೇವು ಹಾಕಿ
ಹದಿಮೂರು ಮನಿ ಜೋಳ ಸುರಿವಿದೆವು.
ಪಿಗ್ಮಿ ಪುಸ್ತಕ ಅದ. ರೂಪಾಯಿಗೆ ಕಾಟು ಹೊಡದು
ಸೇರು ಅಂತ ಬರದೆ.
ಹೂವಿನ ಶಾಂತವ್ವ ಒಂದು ಪುಟ್ಟಿ ತಂದಳು,
ಒಂದ ಪುಟ್ಟಿ. ಅದನ್ನೂ ಬರದೆ.

ಶುಕ್ರವಾರಕ್ಕೊಮ್ಮಿ ಪುಸ್ತಕ ಕಟ್ಟಿ ಮ್ಯಾಲ ಬಿಚ್ಚಿಡಬೇಕು.
ಬೌರವ್ವಗ ಓದಾಕ ಬರೂದಿಲ್ಲ.
ಆದರೂ ಕಂದೀಲು ಹಿಡದು ಹಾಳಿ ಹಾಳಿ ನೋಡತಾಳ,
ಆಮ್ಯಾಲ ಅದ ಕಂದೀಲು
ನನ್ನ ಮಾರಿ ಮುಂದ ತರತಾಳ.

ಶ್ರಾವಣ ಬಂತು. ಕಲ್ಲು ಸರಿಸಿ, ಎರಡು ದಿನ ತಡದು,
ದೀಪ ಕೇಳಿ ಇಳದೆ.
ಬೆಚ್ಚನ ಜೋಳ, ಸ್ವಲ್ಪ ಹುಳಿ ವಾಸನಿ.
ಎಲ್ಲಾರಿಗೂ ಅಳದು ಕೊಟ್ಟ ಮ್ಯಾಲ ನನ್ನ ಪಾಲು ಬಂತು.
ಚೀಲ ಕಟ್ಟೂದರಾಗ ಬೌರವ್ವ ಕೈ ಹಾಕಿ
ಒಂದು ಹಿಡಿ ತಗದು ತಿರುಗಿ ಹಗೇವಿಗೆ ಒಗದಳು.
"ಇದು ಸೊಸೈಟಿದು."

ಹದಿನೆಂಟು ಸಾವಿರದ ಆರನೂರಾ ನಲವತ್ತು,
ಹಿಡಿ ಹಿಡಿಯಾಗಿ.
ರಾತ್ರಿ ಕುಂತು ಲೆಕ್ಕ ಹಾಕಿದೆ:
ನನ್ನ ಮೊಮ್ಮಗನೂ ಇಳಿಯಬೇಕು,
ಅಂವಗೂ ತೆಳ್ಳನ ಮೈ ಇದ್ದರ.