ಕೋಣೆಯ ಸದ್ದು

ತೊಂಬತ್ತು ಸೆಕೆಂಡು. ಒಂದು ಹೆಚ್ಚಾದರೂ
ಯಾರೂ ನೋಡುವುದಿಲ್ಲ ಎಂದರು ಮೌಜಾ ಮೇಡಂ,
ಸೊಹಾರಿನ ವಿಶ್ವವಿದ್ಯಾಲಯ, ಪ್ರಚಾರ ವಿಭಾಗ,
ಕಹ್ವಾದ ಪುಟ್ಟ ಬಟ್ಟಲು ಮೂರನೇ ಸಲ ತುಂಬುತ್ತ.
ಸಾಕು ಅನ್ನಲು ಬಟ್ಟಲು ಅಲುಗಿಸಬೇಕು;
ಹನ್ನೊಂದು ವರ್ಷವಾದರೂ ನನಗದು ನೆನಪಾಗುವುದು
ನಾಲ್ಕನೆಯದು ತುಂಬಿದ ಮೇಲೆಯೇ.

ಬೇಕಾದ್ದೆಲ್ಲ ಪಟ್ಟಿಯಲ್ಲಿತ್ತು:
ಮೇಲಿಂದ ಡ್ರೋನು, ಕೆಳಗೆ ಹಸಿರು ಹುಲ್ಲು,
ನಗುವ ಐದು ದೇಶ,
ಮೈಕ್ರೋಸ್ಕೋಪಿಗೆ ಬಗ್ಗಿದ ಒಂದು ಮುಖ,
ಕಡೆಗೆ ಗಾಳಿಗೆ ಹಾರುವ ಪದವಿಯ ಟೋಪಿ.
ಜುಲೈ. ಗಾಳಿಯೂ ಬೆವರಿ ಕೂತಿತ್ತು.
ಗ್ಲೆನ್ ರಟ್ಟು ಹಿಡಿದು ಬೀಸಿದ, ತೋಳು ಸೋಲುವ ತನಕ.

ಹುಲ್ಲಿಗೆ ಬೆಳಗಿನ ನಾಲ್ಕಕ್ಕೇ ನೀರು ಬಿಟ್ಟಿದ್ದ ಮೊಫಿಜುಲ್.
ಡ್ರೋನಿನ ಕಣ್ಣಿಗೆ ಅವನ ಪೈಪು
ಒಂದು ಹಳದಿ ದಾರ.
ಅಳಿಸಲು ಅರ್ಧ ದಿನ ಹಿಡಿಯಿತು,
ಸುರುಳಿ ಸುರುಳಿಗೂ ಹುಲ್ಲು ಹೊಲಿಯಬೇಕು.

ಪ್ರಯೋಗಶಾಲೆ. ಮೈಕ್ರೋಸ್ಕೋಪಿನ ಕೆಳಗೆ ಏನೂ ಇರಲಿಲ್ಲ.
ಏನೋ ಕಂಡ ಹಾಗೆ ಮಾಡು ಎಂದೆ ಇಜ್ಲಾಲ್‌ಗೆ,
ಸುಡಾನಿನ ಹುಡುಗಿ. ಕಣ್ಣಿಟ್ಟಳು.
"ನನ್ನ ರೆಪ್ಪೆಯೇ ಕಾಣುತ್ತಿದೆ!"
ಆ ನಗುವೇ ಬೇಕಾದ್ದು. ಸಿಕ್ಕಿತು, ಮೊದಲ ಟೇಕಿಗೇ.

ನಮ್ಮ ಕಸುಬಿನಲ್ಲೊಂದು ಪದ್ಧತಿ.
ಎಲ್ಲ ಮುಗಿದ ಮೇಲೆ ಅರ್ಧ ನಿಮಿಷ ಸುಮ್ಮನೆ ನಿಂತು
ಕೋಣೆಯ ಸದ್ದು ಹಿಡಿದುಕೊಳ್ಳುವುದು,
ಮಾತಿಗೂ ಮಾತಿಗೂ ನಡುವಿನ ಬಿರುಕಿಗೆ
ಆಮೇಲೆ ಗಾರೆಯಂತೆ ಮೆತ್ತಲು.
ನಿಂತೆವು. ಮೌಜಾ ಮೇಡಂ ಬಳೆ ಹಿಡಿದು,
ಗ್ಲೆನ್ ಸೀನು ತಡೆದು,
ಡೀನ್ ಸಾಹೇಬರು ಯಾವುದೋ ರಾಷ್ಟ್ರಗೀತೆಗೆಂಬಂತೆ ನೆಟ್ಟಗೆ.

ರೂವಿಗೆ ಮರಳಿ, ರಾತ್ರಿ, ಕಿವಿಗೆ ಹೆಡ್‌ಫೋನು.
ಏಸಿಯ ಗೊಣಗು. ಯಾರದೋ ಹೊಟ್ಟೆಯ ಗುಡುಗು, ನನ್ನದೇ.
ಹದಿನೇಳನೇ ಸೆಕೆಂಡಿಗೆ
ಬಿಚ್ಚಲು ಮರೆತ ಕಾಲರ್ ಮೈಕಿನಲ್ಲಿ
ತುಟಿಯೊಳಗಿನ ಎಣಿಕೆ.
ನನ್ನ ಅರಬಿ ಅಂಗಡಿಯ ಅರಬಿ; ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ.
ತೊಂಬತ್ತಾರು. ಅದರಲ್ಲಿ ನಲವತ್ತೊಂದು.
ಉಳಿದದ್ದು ಐವತ್ತೈದು. ಮತ್ತೆ ತೊಂಬತ್ತಾರು.

ಮರುದಿನ ಫೋನು ಮಾಡಿದೆ.
ಓಮ್ದುರ್ಮಾನಿನಲ್ಲಿ ಓದಿ ಗಳಿಸಿದ್ದು ತೊಂಬತ್ತಾರು ಕ್ರೆಡಿಟ್ಟು,
ಇಲ್ಲಿ ಒಪ್ಪಿಕೊಂಡದ್ದು ನಲವತ್ತೊಂದು.
"ಉಳಿದದ್ದಕ್ಕೆ ಕಾಗದವಿಲ್ಲ. ಕಾಗದವಿದ್ದ ಕಟ್ಟಡವೇ ಇಲ್ಲ.
ಸುಮ್ಮನಿರಿ ಅಂದರೆ ಸಾಕು, ನನಗೆ ಲೆಕ್ಕ ಶುರುವಾಗುತ್ತದೆ.
ಹಾಳಾಯಿತೆ?"
ಇಲ್ಲ ಎಂದೆ. ಇಟ್ಟುಕೊಳ್ಳಲೆ ಎಂದೆ.
ಸ್ವಲ್ಪ ಹೊತ್ತು ಅವಳ ಕಡೆಯ ಕೋಣೆಯ ಸದ್ದು.
"ಕೇಳಿಸಬಾರದು. ಇದ್ದರೆ ಇರಲಿ."

ಮಿಕ್ಕದ್ದಕ್ಕೆಲ್ಲ ಪಿಯಾನೋ ಹಾಕಿದೆ,
ಆಸ್ಪತ್ರೆಗೂ ಬ್ಯಾಂಕಿಗೂ ಹಾಕಿದ್ದ ಅದೇ ಪಿಯಾನೋ.
ಎಂಬತ್ತೇಳನೇ ಸೆಕೆಂಡಿಗೆ ಅದರ ಬಾಯಿ ಮುಚ್ಚಿಸಿದೆ.
ಲಾಂಛನ ಮೂಡುವ ಮೂರು ಸೆಕೆಂಡು
ಆ ಕೋಣೆ, ಅಷ್ಟೆ.

ಮೌಜಾ ಮೇಡಂ ಎರಡು ಸಲ ನೋಡಿದರು.
"ಕೊನೆಗೆ ಏನೋ ಇದೆ. ಏಸಿಯೋ, ಉಸಿರೋ?"
ಕೋಣೆಯ ಸದ್ದು ಎಂದೆ.
ತೆಗೆಯಿರಿ ಅನ್ನುತ್ತಾರೆಂದು ಕಾದೆ.
"ಇರಲಿ. ಯಾರೋ ಓದುತ್ತ ಕೂತ ಹಾಗಿದೆ,"
ಎನ್ನುತ್ತ ಹೂಜಿ ಬಗ್ಗಿಸಿದರು.
ಈ ಸಲ ಬಟ್ಟಲು ಅಲುಗಿಸಿದೆ, ಸರಿಯಾದ ಹೊತ್ತಿಗೆ.

ಎರಡನೇ ಕಂತಿನ ಹಣ ಇನ್ನೂ ಬಂದಿಲ್ಲ.
ಇಜ್ಲಾಲ್‌ಳಿಂದ ಮೊನ್ನೆ ಒಂದು ಸಂದೇಶ,
ನಮಸ್ಕಾರವಿಲ್ಲ, ಹೆಸರಿಲ್ಲ,
ಬರೀ ಅಂಕಿ:
ಐವತ್ತೆರಡು.