ಕಲಾಸಿಪಾಳ್ಯದ ಮಹಡಿ ಮೇಲೆ

ಎಂಟು ತಿಂಗಳ ಮೇಲೆ ಹಡಗಿನಿಂದ ಇಳಿದ ಗವಿರಂಗ
ಈ ಸಲ ಊರಿಗೆ ಬರಲಿಲ್ಲ, ನನ್ನನ್ನೇ ಕರೆಸಿಕೊಂಡ:
'ಮೂರು ದಿನ ರಜೆ ಬರೆದು ಬಾ. ತಿನ್ನೋದು, ಸೇದೋದು, ಮಲಗೋದು.
ಲಾಲ್‌ಬಾಗು ಗೀಲ್‌ಬಾಗು ಅಂದರೆ
ವಾಪಸು ಬಸ್ಸು ಹತ್ತಿಸಿಬಿಡ್ತೀನಿ.'

ಪಿರಿಯಾಪಟ್ಟಣದ ಹರಾಜುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಹೊಗೆಸೊಪ್ಪಿಗೆ ದರ್ಜೆ ಬರೆದವನು ನಾನು.
ಬೇಲಿನ ಹೊಟ್ಟೆಗೆ ಕೈ ತೂರಿಸಿ, ಒಂದೆಲೆ ಎಳೆದು, ಮೂಗಿಗೆ ಹಿಡಿದು,
ನಿಂಬೆಬಣ್ಣವೋ, ಕಿತ್ತಳೆಯೋ, ಕಂದೋ, ಹಸಿರು ಉಳಿದದ್ದೋ
ಹೇಳಲು ಏಳು ಸೆಕೆಂಡು ಸಾಕು.
ಬೀಡಿ ಕೂಡ ಸೇದಿದವನಲ್ಲ.
ಸಕ್ಕರೆ ಕಾಯಿಲೆಯ ಮಿಠಾಯಿ ಅಂಗಡಿಯವನು
ಅಂತ ಕೂಲಿಯವರು ಹೆಸರಿಟ್ಟಿದ್ದರು.

ಮೊದಲ ಬೆಳಗ್ಗೆ, ಆರಕ್ಕೂ ಮುಂಚೆ, ಮಿಲಿಟ್ರಿ ಹೋಟೆಲಿನ ಮುಂದೆ
ಮಂಕಿಟೋಪಿಗಳ ಸಾಲಿನಲ್ಲಿ ನಾವೂ ಇಬ್ಬರು.
ಕಾಲುಸೂಪಿನ ಲೋಟದಿಂದ ಹಬೆ, ಕುಡಿದವರ ಬಾಯಿಂದ ಹಬೆ.
ದೊನ್ನೆಯಲ್ಲಿ ಕೊತ್ತಂಬರಿ ಪುದೀನ ಅರೆದ ಹಸಿರು ಬಿರಿಯಾನಿ.
ನನ್ನ ಪಟ್ಟಿಯಲ್ಲಿ ಹಸಿರೆಂದರೆ ಕಡೇ ದರ್ಜೆ.
ಎರಡನೇ ತುತ್ತಿಗೆ ಪಟ್ಟಿ ತಿದ್ದಿಕೊಂಡೆ.

ಮಾರನೇ ದಿನ ಮಾರ್ಕೆಟ್ಟಿನಲ್ಲಿ ಅವರೆಕಾಯಿಯ ಗುಡ್ಡೆ.
ಸುಮ್ಮನಿರಲಾರದ ಮೂಗು. ಒಂದೊಂದೇ ಕಾಯಿ ಎತ್ತಿ ಮೂಸಿ
ಸೊಗಡಿದ್ದದ್ದು ಈ ಕಡೆ, ಇಲ್ಲದ್ದು ಆ ಕಡೆ ಹಾಕುತ್ತಿದ್ದರೆ
'ಏನ್ ಸ್ವಾಮಿ, ಹೆಣ್ಣು ನೋಡೋಕೆ ಬಂದ್ರಾ? ತೂಗಲಾ?' ಎಂದಳು.
ಮೂರು ಕೇಜಿ ಹೊತ್ತು ಚಾಮರಾಜಪೇಟೆಯ
ಸರ್ವಮಂಗಳಮ್ಮನ ಮೆಸ್ಸಿಗೆ ಹೋದೆವು.
'ಬಿಡಿಸಿಕೊಡಿ, ನೆನೆಹಾಕ್ತೀನಿ, ಸಂಜೆ ಬಂದು ಹಿತುಕಿ.
ಪುಕ್ಕಟೆ ಕೈ ನಾಲ್ಕಿದ್ದರೆ ನಾನ್ಯಾಕೆ ಬೇಡ ಅನ್ನಲಿ?'
ಸಂಜೆ ಒಂದು ಬೇಳೆ ಚಿಮ್ಮಿ ಗವಿರಂಗನ ಕನ್ನಡಕಕ್ಕೆ ಬಡಿಯಿತು.
ಹಿತಕಿದ ಬೇಳೆ ಸಾರು, ಮುದ್ದೆ, ಮೇಲೊಂದು ಮುದ್ದೆ.
ಆಮೇಲೆ ಮಾತಿಲ್ಲ.

ಮೂರನೇ ರಾತ್ರಿ ಲಾಡ್ಜಿನ ಮಹಡಿ.
ಕೆಳಗೆ ಕನಕಪುರ ಕನಕಪುರ ಎಂದು ಯಾರೋ ಬಸ್ಸಿನ ಬೆನ್ನು ತಟ್ಟುತ್ತಿದ್ದರು.
ಗವಿರಂಗ ದೇವರ ಪೆಟ್ಟಿಗೆಯಂಥ ಮರದ ಪೆಟ್ಟಿಗೆ ತೆಗೆದ.
ಒಂದಕ್ಕೆ ಎರಡೂಕಾಲು ಸಾವಿರವಂತೆ ಸಿಗಾರು.
ನಮ್ಮ ಕಟ್ಟೆಯಲ್ಲಿ ಇಷ್ಟು ತೂಕದ ಎಲೆಗೆ
ನಾಲ್ಕು ರೂಪಾಯಿ ಕೂಗಿದರೆ ಹೆಚ್ಚು.
ಹೊರಗಿನ ಎಲೆಯ ಮೇಲೆ ಬೆರಳಾಡಿಸಿದೆ. ತೂತಿಲ್ಲ, ಚುಕ್ಕೆಯಿಲ್ಲ,
ಬ್ಯಾರನ್ನಿನ ಬೆಂಕಿ ಕಂಡ ಎಲೆಯಲ್ಲ,
ನೆರಳಲ್ಲಿ ತಲೆಕೆಳಗಾಗಿ ತೂಗಿ ತೂಗಿ ಮಾಗಿದ್ದು.
ಸುತ್ತಿದ ಕೈಗೆ ಮನಸ್ಸಿನಲ್ಲೇ ಕೈಮುಗಿದೆ.

'ನುಂಗಬೇಡ. ಬಾಯಲ್ಲಿ ಸುತ್ತಿಸಿ ಬಿಡು.'
ಸುತ್ತಿಸಿದೆ. ಸುಟ್ಟ ಬೆಲ್ಲ, ಹಳೇ ಚರ್ಮದ ಚೀಲ,
ಮಳೆ ನಿಂತ ಮೇಲಿನ ಗೋಣಿ,
ಮತ್ತೆ, ಎಲ್ಲಿಂದಲೋ, ನಮ್ಮಜ್ಜಿ ಸಣ್ಣಕ್ಕ.
ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು
ರಾಗಿ ಪೈರು ನೆಡುತ್ತಿದ್ದವಳು.
ಸುಡಲ್ವಾ ಅಂದರೆ ಹೂಂ ಅಲ್ಲ ಉಹೂಂ ಅಲ್ಲದ ಒಂದು ಸದ್ದು.
ಬಾಯಿ ತೆರೆದರೆ ಬೆಂಕಿ ಬೀಳುತ್ತಿತ್ತಲ್ಲ.
ಗಾಳಿಗೆ ಕಾಸಿನ ಕಿಡಿಯನ್ನೂ ಕೊಡದ ಜಿಪುಣಿ.
ನಾವೋ ಎರಡೂಕಾಲು ಸಾವಿರವನ್ನು ಕಲಾಸಿಪಾಳ್ಯಕ್ಕೆ ಊದುತ್ತಿದ್ದೆವು.
ಹಾಗೆ ತಿರುಗಿಸಿ ಇಟ್ಟುಕೊಳ್ಳಲೇ ಎಂದು ಒಂದು ಗಳಿಗೆ ಅನ್ನಿಸಿತು.
ಅಷ್ಟು ದಪ್ಪ ಯಾವ ಬಾಯಿಗೂ ಹಿಡಿಸದು.

'ದರ್ಜೆ ಬರಿಯೋ,' ಎಂದ ಗವಿರಂಗ.
ಏಳು ಸೆಕೆಂಡು ಮೀರಿತು. 'ಎರಡನೇದು,' ಎಂದೆ.
'ಥೂ! ಮೊದಲನೇದು ಯಾವುದೋ ಹಾಗಾದರೆ?'
ಎಡಗೈ ಚಾಚಿದೆ. ಉಗುರಿನ ಸಂದಿಯಲ್ಲಿ
ಎರಡು ಸೋಪು ಕಂಡರೂ ಹೋಗದ ಅವರೆಯ ಸೊಗಡು.
ಮೂಸಿದ. ಇನ್ನೊಮ್ಮೆ ಮೂಸಿದ.
ಕೈ ಬಿಡಲು ಮರೆತ.
ಅವನ ಸಿಗಾರಿನ ಬೂದಿ ಬೆರಳುದ್ದ ಬೆಳೆದು ಪಂಚೆ ಮೇಲೆ ಬಿತ್ತು.

ಬಕೆಟ್ಟು ಒಯ್ಯಲು ಬಂದ ಲಾಡ್ಜಿನ ಹುಡುಗ
ಮೂಗೆಳೆದು ನಿಂತ:
'ಸಾರ್, ಕಡ್ಲೆಕಾಯಿ ಸಿಪ್ಪೆ ಸುಡ್ತಿದ್ದೀರಾ?
ಓನರ್ ಬೈತಾರೆ.'