ಬೂದು ಬಣ್ಣದ ಸಾಲು

ಡಾಕ್ಟರ್ ಶೇಷಗಿರಿಯವರ 'ಎಂ' ಅಂದರೆ
ಆಗುಂಬೆ ಘಾಟಿಯ ನಾಲ್ಕನೆಯ ತಿರುವು;
ಬರೆದವರೇ ಮತ್ತೆ ಇಳಿಯಲಾರರು.
ಹುಚ್ಚರಾಯಪ್ಪನವರು ಇಳಿಯುತ್ತಿದ್ದರು.
ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಮೂಗಿಗೆ ತಂದು
"ಇದು ಮೆಟ್‌ಫಾರ್ಮಿನ್ ಕಣಮ್ಮ, ಮೆಟ್ರೊನಿಡಜೋಲ್ ಅಲ್ಲ,
ಬಾಲ ನೋಡು, ಮೇಲಕ್ಕೆ ಹೋಗಿದೆ" ಅನ್ನುತ್ತಿದ್ದರು.
ಬಾಲ ನೋಡಿ ಮದ್ದು ಕೊಡುವುದನ್ನು ಹಾಗೆ ಕಲಿತೆ.
ಶಿವಮೊಗ್ಗದ ಈ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷ.
ಹೆಮ್ಮೆಯೂ ಇತ್ತು, ಸುಳ್ಳೇಕೆ.

ಒಂದು ಚುಕ್ಕಿಯ ಹೊರತು.

ಆ ದಿನ ಕಾರ್ಬನ್ ಹಾಳೆ ಸವೆದಿತ್ತು.
ಮೇಲಿನ ಪ್ರತಿಯಲ್ಲಿ ಚುಕ್ಕಿ ಐದು,
ನನಗೆ ಬಂದದ್ದರಲ್ಲಿ ಬರೀ ಐದು.
ಹಾಸಿಗೆಯ ಬಳಿ ಸಿಸ್ಟರ್ ಲವೀನಾ ಕೈ ತಡೆದಳು.
ಯಾರಿಗೂ ಏನೂ ಆಗಲಿಲ್ಲ.
ಆದರೂ ಆ ಚೀಟಿ ನನ್ನ ಊಟದ ಚೀಲದ ತಳದಲ್ಲಿದೆ,
ಉಪ್ಪಿನಕಾಯಿಯ ಎಣ್ಣೆ ಕುಡಿದು ಹಳದಿಯಾಗಿ.

ದೀಪಾವಳಿ ಮುಗಿದ ವಾರ ಕಿಟಕಿಯ ಪಕ್ಕ ಪರದೆ ಬಂತು.
ಚುಕ್ಕಿಗಿಂತ ಮೊದಲು ತಾನೇ ಒಂದು ಸೊನ್ನೆ ಕೂರಿಸುತ್ತದೆ,
ಹೊಸ್ತಿಲಲ್ಲಿ ಕೂತ ಅಜ್ಜಿಯ ಹಾಗೆ:
ಅವಳ ಕಣ್ಣು ತಪ್ಪಿಸಿ ಒಳಗೆ ಹೋಗುವಂತಿಲ್ಲ.

ಕರೆಂಟು ಹೋದರೆ ಯುಪಿಎಸ್ ರಚ್ಚೆ ಹಿಡಿಯುತ್ತದೆ.
ಎಚ್ಚರಿಕೆಗಳೋ, ಗದ್ದೆಯ ಟಿಟ್ಟಿಭ:
ನಾಯಿ ಬಂದರೂ ಕೂಗು, ನೆರಳು ಬಂದರೂ ಕೂಗು.
ಯಾವ ಕೂಗು ನಿಜವಾದ ಹಾವಿಗೆ ಅಂತ
ಯಾವ ಟ್ರೈನಿಂಗಿನಲ್ಲೂ ಹೇಳಲಿಲ್ಲ.

ಬಿಪಿ ಗುಳಿಗೆಗೆ ಬಂದ ಹುಚ್ಚರಾಯಪ್ಪನವರು
ಕಂಬಿಯ ನಡುವಿಂದ ಇಣುಕಿದರು.
"ಎಲ್ಲಾ ಅಚ್ಚು. ಇನ್ನು ಓದೋದಕ್ಕೇನಿದೆ ನಿನಗೆ?"

ಮೊದಲು ಚೀಟಿಯಲ್ಲಿ ಮದ್ದಿನ ಹೆಸರು ಪೂರ್ತಿ,
ಮನುಷ್ಯನದು ಅರ್ಧ.
ಈಗ ಕೂತಲ್ಲೇ ಕಾಣುತ್ತದೆ:
ಚೌಡಪ್ಪ, ಐವತ್ತೆಂಟು, ನಲವತ್ತಾರು ಕೇಜಿ,
ಹೊಸನಗರದ ಆಚೆ, ದರಕು ತರಲು ಕಾಡಿಗೆ ಹೋಗಿದ್ದ,
ಮೊಣಕಾಲ ಹಿಂದೆ ಉಣುಗು ಕಚ್ಚಿದ ಗುರುತು,
ಮಂಗನ ಕಾಯಿಲೆಯ ಶಂಕೆ,
ಪ್ಲೇಟ್ಲೆಟ್ ಮೂವತ್ತೊಂದು ಸಾವಿರ.
ಅದರ ಕೆಳಗೆ, ರಾತ್ರಿ ಒಂಬತ್ತೂವರೆಗೆ,
ಯಾರೋ ನಿದ್ದೆಗೆಟ್ಟ ಹುಡುಗ
ಮೈಕೈ ನೋವಿಗೆಂದು ಡೈಕ್ಲೊಫೆನಾಕ್ ಹಾಕಿದ್ದ.

ಪರದೆ ಕೂಗಿತು.
ಈ ಸಲ ಹಾವು.

"ಡಾಕ್ಟರೇ, ಪ್ಲೇಟ್ಲೆಟ್ ನೋಡಿ ಒಂದು ಸಲ."
ಆ ಕಡೆ ಮೌನ, ಕುರ್ಚಿ ಸರಿದ ಸದ್ದು,
"ಅಯ್ಯೋ. ರಕ್ತ ಸೋರ್ತಿತ್ತು. ಬದಲಾಯಿಸ್ತೀನಿ ಮೇಡಂ."
ಸಾಲು ಅಳಿಯಿತು, ಪ್ಯಾರಾಸಿಟಮಾಲ್ ಬಂತು.
ಅಷ್ಟೇ. ಮುಂದಿನ ಟೋಕನ್.

ಅಲ್ಲಿಂದ ಆರು ದಿನ ನಾನು ಚೌಡಪ್ಪನ ಜೊತೆಗಿದ್ದೆ,
ಮುಖ ನೋಡದೆ.
ಬೆಳಿಗ್ಗೆಯದು: ಕೊಟ್ಟಾಗಿದೆ, ಹಸಿರು.
ಮಧ್ಯಾಹ್ನದ್ದು: ಕೊಟ್ಟಿಲ್ಲ. ಕಾರಣ, ನಿದ್ದೆ.
ರಾತ್ರಿಯದು: ಬೇಡವೆಂದರು. ಕಾರಣ, ಕಹಿ.
ಒಬ್ಬಳೇ ನಕ್ಕೆ.
ಕಹಿ ಅಂದವನು ಬದುಕುತ್ತಾನೆ ಅಂದುಕೊಂಡೆ.

ಏಳನೆಯ ದಿನ ಬಂದು ಕೂತರೆ ಸಾಲು ಪೂರ್ತಿ ಬೂದು.
'ಔಷಧಿ ನಿಲ್ಲಿಸಲಾಗಿದೆ.'
ಮನೆಗೆ ಹೋದವರಿಗೂ ಅದೇ ಬೂದು,
ಹೋಗೇಬಿಟ್ಟವರಿಗೂ ಅದೇ ಬೂದು.
ಇದನ್ನು ಮಾಡಿದವರಿಗೆ ಬಣ್ಣಕ್ಕೆ ಬರವಿತ್ತೇ?
ಮಧ್ಯಾಹ್ನಕ್ಕೆಂದು ತೆಗೆದಿಟ್ಟ ಗುಳಿಗೆ ತಟ್ಟೆಯಲ್ಲೇ ಇತ್ತು.
ಕಿಟಕಿಯಲ್ಲಿ ಹನ್ನೊಂದು ಜನ.
ಎರಡು ಸಲ ತಪ್ಪು ನಂಬರ್ ಕೂಗಿದೆ.

ಕೊನೆಗೆ ಲವೀನಾಗೆ ಫೋನು ಮಾಡಿದೆ.
"ಅವರಾ? ಒಂಬತ್ತೂವರೆ ಬಸ್ಸಿಗೆ ಹೋದರಲ್ಲ,
ಫ್ಲಾಸ್ಕ್ ಇಲ್ಲೇ ಮರೆತಿದ್ದಾರೆ.
ಯಾಕೆ, ನಿಮಗೇನಾಗಬೇಕು?"

ಏನಾಗಬೇಕು.

ಗುಳಿಗೆಗಳನ್ನು ಅವುಗಳ ಖಾನೆಗೆ ಮರಳಿಸಿದೆ.
ಪರದೆ ಕೇಳಿತು: ವಾಪಸಾತಿಗೆ ಕಾರಣ?
ನಾಲ್ಕು ಉತ್ತರ ಅದೇ ಕೊಟ್ಟಿತ್ತು.
ಐದನೆಯದು, 'ಇತರೆ', ಒತ್ತಿ ಬರೆದೆ:
ಬಸ್ಸು ಹತ್ತಿದರು.